ಅರ್ಧ ಇಂಚಿನ ಪ್ರತಿಷ್ಠೆ

ಖಾತೆ ಯಾವುದು, ಕಂದಾಯ ಕಟ್ಟಿದೆಯೇ ಎಂದು ಒಂದು ಮಾತೂ ಕೇಳದೆ ರೆವಿನ್ಯೂ ಸೈಟು ಬರೆಸಿಕೊಂಡ ಮನುಷ್ಯ, ರಾಚೆಟ್ ಕೊಳ್ಳಲು ಹೊರಟಾಗ ಮಾತ್ರ ಅದರ ಹಲ್ಲು ಎಣಿಸುತ್ತಾನೆ. 24 ಹಲ್ಲಿನದಾದರೆ ಮುಂದಿನ ಹಲ್ಲು ಹಿಡಿಯಲು 15 ಡಿಗ್ರಿ ಹೊರಳಿಸಬೇಕು, 72 ಹಲ್ಲಿನದಕ್ಕೆ ಐದೇ ಡಿಗ್ರಿ ಸಾಕು, ಇಕ್ಕಟ್ಟಿನ ಜಾಗದಲ್ಲಿ ಕೈಯಾಡಿಸಬೇಕಾದರೆ 72ರದ್ದೇ ಆಗಬೇಕು ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ವಿವರಿಸುತ್ತಾನೆ. ಅವನು ಇದುವರೆಗೆ ಕೈಯಾಡಿಸಿದ ಇಕ್ಕಟ್ಟಿನ ಜಾಗವೆಂದರೆ ಸೋಫಾದ ಸಂದಿ, ಅದೂ ಟೀವಿ ರಿಮೋಟ್ ಬಿದ್ದಾಗ.

ಇವನೇ ನಮ್ಮ ಗೃಹ ಮೆಕ್ಯಾನಿಕ್. ಗಾಡಿಯನ್ನು ಇನ್ನು ಮುಂದೆ ತಾನೇ ಬಿಚ್ಚಿ ತಾನೇ ಜೋಡಿಸುವುದೆಂದು ತೀರ್ಮಾನಿಸಿದ್ದಾನೆ. ಗಾಡಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಸದ್ಯಕ್ಕೆ ಅವನನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ರಾಚೆಟ್ ಕಾಲು ಇಂಚಿನದಿರಬೇಕೋ, ಅರ್ಧ ಇಂಚಿನದೋ, ಇಲ್ಲಾ ನಡುವೆ ತ್ರೀ ಬೈ ಎಯ್ಟ್ ಅಂತ ಏನೋ ಒಂದಿದೆಯಂತಲ್ಲ, ಅದೋ?

ಈ ರೋಗ ತಗುಲದ ಪುಣ್ಯವಂತರಿಗಾಗಿ ಎರಡು ಮಾತು. ರಾಚೆಟ್ ಎಂದರೆ ನಟ್ಟು-ಬೋಲ್ಟು ತಿರುಗಿಸುವ ಹಿಡಿ. ಅದರ ತಲೆಯಿಂದ ಒಂದು ಚೌಕದ ಮೂತಿ ಹೊರಗೆ ಚಾಚಿಕೊಂಡಿರುತ್ತದೆ. ಸಾಕೆಟ್ ಸಿಕ್ಕಿಸುವುದು ಅದಕ್ಕೆ. ಆ ಚೌಕದ ಅಗಲವೇ ಡ್ರೈವ್ ಸೈಜು. ಕಾಲು ಇಂಚೆಂದರೆ 6.35 ಮಿಲಿಮೀಟರ್, ತ್ರೀ ಬೈ ಎಯ್ಟ್ ಎಂದರೆ ಒಂಬತ್ತೂವರೆ, ಅರ್ಧ ಇಂಚೆಂದರೆ 12.7. ಮೆಟ್ರಿಕ್ ಪದ್ಧತಿಗೆ 1956ರಲ್ಲೇ ಕಾನೂನು ಮಾಡಿದ ದೇಶದಲ್ಲಿ ಇವತ್ತಿಗೂ ಸಾಕೆಟ್ಟಿನ ಒಂದು ಬಾಯಿ ಮಿಲಿಮೀಟರು, ಇನ್ನೊಂದು ಬಾಯಿ ಇಂಚು. ಜಗತ್ತಿನ ಉಳಿದ ಕಡೆಯೂ ಹೀಗೇ ನಡೆದಿರುವುದರಿಂದ ಇದೊಂದಕ್ಕೆ ನೆಹರೂ ಅವರನ್ನು ಬೈಯುವ ಹಾಗಿಲ್ಲ.

ಚೌಕ ಎರಡು ಪಟ್ಟು ದಪ್ಪವಾದರೆ ಅದು ತಡೆಯುವ ತಿರುಚು ಎರಡು ಪಟ್ಟಾಗುವುದಿಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಲ್ಲಿ ಕಾಲು ಇಂಚಿನ ರಾಚೆಟ್ 62 ನ್ಯೂಟನ್ ಮೀಟರ್ ತಡೆದರೆ ಪಾಸು, ತ್ರೀ ಬೈ ಎಯ್ಟ್ 202 ತಡೆಯಬೇಕು, ಅರ್ಧ ಇಂಚಿನದು 512. ಇನ್ನು ನಟ್ಟು-ಬೋಲ್ಟುಗಳಿಗೆ ಬೇಕಾದದ್ದೆಷ್ಟು? ಗಾಡಿಯ ತುಂಬ ಕಾಣುವ 10 ನಂಬರ್ ತಲೆಯ ಬೋಲ್ಟಿದೆಯಲ್ಲ, ಒಳಗೆ ಆರೇ ಮಿಲಿಮೀಟರ್ ದಪ್ಪದ್ದು, ಅದಕ್ಕೆ ಹತ್ತು ನ್ಯೂಟನ್ ಮೀಟರಿನ ಆಸುಪಾಸು ಬಿಗಿದರೆ ಮುಗಿಯಿತು. ಕಾರಿನ ಚಕ್ರಕ್ಕೆ 85ರಿಂದ 120ರವರೆಗೆ ಬೇಕು. ಮೊದಲನೆಯದು ಕಾಲು ಇಂಚಿನ ಕೆಲಸ, ಎರಡನೆಯದು ಅರ್ಧ ಇಂಚಿನದು. ಇವೆರಡರ ನಡುವೆ ಬರುವ 12, 14, 17 ನಂಬರಿನ ದೊಡ್ಡ ಸಂಸಾರವನ್ನೆಲ್ಲ ತ್ರೀ ಬೈ ಎಯ್ಟ್ ಒಂದೇ ಸಾಕುತ್ತದೆ. ಲೆಕ್ಕ ಇಷ್ಟೇ. ಆದರೆ ಲೆಕ್ಕ ಹಾಕಿ ಕೊಳ್ಳುವವನು ಗಂಡಸೇ?

ಆದ್ದರಿಂದ ಅರ್ಧ ಇಂಚು. ಒಂದು ಗೇಣಿಗಿಂತ ಉದ್ದದ ಹಿಡಿ, ಕ್ರೋಮಿನ ಹೊಳಪು, ಕೈಗೆ ಚೆನ್ನಾಗಿ ತೂಕ ಹತ್ತುತ್ತದೆ. ಕೈಗೆ ಹತ್ತಿದ ತೂಕ ತಲೆಗೂ ಹತ್ತುತ್ತದೆ. ಭಾನುವಾರ ಬೆಳಿಗ್ಗೆ ನಮ್ಮವನು ಬರ್ಮುಡಾ ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿದು, ಹೆಂಡತಿಯ ಸ್ಕೂಟರಿನ ಮುಂದೆ ಕೂತು, ಇಂಜಿನ್ ಕವರಿನ ಆ 10 ನಂಬರ್ ಬೋಲ್ಟನ್ನು ‘ಇನ್ನೊಂಚೂರು’ ಬಿಗಿ ಮಾಡಲು ಅದನ್ನು ಎತ್ತಿಕೊಳ್ಳುತ್ತಾನೆ. ಹಿಡಿಯ ಉದ್ದ 25 ಸೆಂಟಿಮೀಟರ್. ತಿಂಡಿ ತಿಂದ ಗಂಡಸು ಸುಮ್ಮನೆ ಎಳೆದರೂ 20 ಕಿಲೋ ಭಾರ ಬೀಳುತ್ತದೆ. ಅಲ್ಲಿಗೆ 50 ನ್ಯೂಟನ್ ಮೀಟರ್, ಬೋಲ್ಟು ಕೇಳಿದ್ದರ ಐದು ಪಟ್ಟು. ಮೊದಲು ರಾಚೆಟ್ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಈ ಹಗುರವನ್ನು ಹೊಸಬರು ‘ಹಾಂ, ಈಗ ಸರಿಯಾಗಿ ಕೂತಿತು’ ಎಂದುಕೊಳ್ಳುತ್ತಾರೆ. ಸಾಕೆಟ್ ಕಿತ್ತು ಅಂಗೈ ಮೇಲೆ ಬಗ್ಗಿಸಿದರೆ ಬೋಲ್ಟಿನ ತಲೆ ಮಾತ್ರ ಉರುಳಿ ಬೀಳುತ್ತದೆ, ಮುರಿದ ಕಡೆ ಬಿಸಿಬಿಸಿಯಾಗಿ, ಬೂದುಬಣ್ಣಕ್ಕೆ ಮಿರುಗುತ್ತ. ಮುಂಡ ಅಲ್ಯೂಮಿನಿಯಂ ಕೇಸಿನೊಳಗೆ ಶಾಶ್ವತ ವಾಸ್ತವ್ಯ ಹೂಡಿರುತ್ತದೆ. ಅದನ್ನು ಕೊರೆದು ತೆಗೆಯುವ ಲೇತಿನವನಿಗೆ ಇಂಥ ಸೋಮವಾರಗಳು ಹೊಸದಲ್ಲ. ‘ಹಾಫ್ ಇಂಚಾ ಸಾರ್?’ ಎಂದಷ್ಟೇ ಕೇಳಿ ಡ್ರಿಲ್ ಹಾಕುತ್ತಾನೆ.

ಅರ್ಧ ಇಂಚು ನಿಜವಾಗಿ ಹುಟ್ಟಿದ್ದು ಚಕ್ರದ ನಟ್ಟಿನಂಥ ಕೆಲಸಕ್ಕೆ. ಮಾರುತಿಯ ಸಣ್ಣ ಕಾರುಗಳಿಗೆ 19 ನಂಬರ್, ಹ್ಯುಂಡೈಗೆ 21, ಫೋಕ್ಸ್‌ವ್ಯಾಗನ್‌ಗೆ 17. ಇದನ್ನು ನಮ್ಮವನು ನಿದ್ದೆಯಲ್ಲೂ ಹೇಳಬಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ, ಜ್ಯಾಕಿನ ಜೊತೆಗೆ ಕಂಪನಿಯವರೇ ಬಿಟ್ಟಿಯಾಗಿ ಇಟ್ಟ ವೀಲ್ ಸ್ಪ್ಯಾನರ್ ಇರುವುದು ಮಾತ್ರ ಅವನಿಗೆ ಗೊತ್ತಿಲ್ಲ, ಏಕೆಂದರೆ ಆ ಮ್ಯಾಟನ್ನು ಅವನು ಇನ್ನೂ ಎತ್ತಿಲ್ಲ. ಕುಣಿಗಲ್ ಬೈಪಾಸಿನಲ್ಲಿ ಪಂಕ್ಚರ್ ಆದಾಗ ಇನ್ಶೂರೆನ್ಸಿನವರ ಸಹಾಯವಾಣಿಗೆ ಫೋನ್ ಮಾಡಿ ಎರಡು ತಾಸು ಕಾಯುತ್ತಾನೆ. ರಾಚೆಟ್ ಮನೆಯಲ್ಲಿ ಸುರಕ್ಷಿತವಾಗಿರುತ್ತದೆ.

ಇವನಿಗಿಂತ ಸ್ವಲ್ಪ ಜಾಣರು ಕಾಲು ಇಂಚಿಗೆ ಹೋಗುತ್ತಾರೆ, ಅಂದರೆ ಆ ಜಗತ್ಪ್ರಸಿದ್ಧ 46 ಪೀಸಿನ ಪೆಟ್ಟಿಗೆಗೆ. ಗೃಹಪ್ರವೇಶಕ್ಕೂ ಕೊಡಬಹುದು, ಆಫೀಸಿನ ದೀಪಾವಳಿ ಗಿಫ್ಟಾಗಿಯೂ ಬರುತ್ತದೆ. ಈ 46 ಎಂಬ ಸಂಖ್ಯೆ ಕೂಡಿಬಂದ ಬಗೆಯನ್ನು ಪೆಟ್ಟಿಗೆ ತೆರೆದೇ ನೋಡಬೇಕು. ಸಾಮಾನ್ಯವಾಗಿ ಅದರಲ್ಲಿ ಸಾಕೆಟ್ಟುಗಳು 13. ಅವುಗಳಲ್ಲಿ ಮೊದಲ ನಾಲ್ಕು 4, 4.5, 5 ಮತ್ತು 5.5 ಮಿಲಿಮೀಟರಿನವು. ನಾಲ್ಕೂವರೆ ಮಿಲಿಮೀಟರಿನ ನಟ್ಟು ನಿಮ್ಮ ಗಾಡಿಯಲ್ಲಿ ಎಲ್ಲಿದೆ ಎಂದು ಹುಡುಕಿ ಕೊಟ್ಟವರಿಗೆ ಬಹುಮಾನ ಇಡಬಹುದು. ಆಮೇಲೆ ಕಿರುಬೆರಳಿಗಿಂತ ಸಣ್ಣವು ಮೂರು ಅಲನ್ ಕೀ, ಮೂರನ್ನೂ ಮೂರು ಪೀಸೆಂದೇ ಎಣಿಸಿದ್ದಾರೆ. ಉಳಿದದ್ದರಲ್ಲಿ ಬಹುಪಾಲು ಸ್ಕ್ರೂ ಬಿಟ್ಟುಗಳು. ಸಾಕೆಟ್ಟುಗಳಲ್ಲಿ ದೊಡ್ಡದೆಂದರೆ 14, ಹಾಗಾಗಿ ಮುಂದೆ 17 ನಂಬರ್ ಬೋಲ್ಟು ಎದುರಾದ ದಿನ 46 ಪೀಸುಗಳೂ ಸೇರಿ ಅದನ್ನು ನೋಡಬಹುದಷ್ಟೆ. ಪೆಟ್ಟಿಗೆಗೆ ಮೇಲು-ಕೆಳಗು ಒಂದೇ ಥರ ಕಾಣುವುದರಿಂದ ಮೊದಲ ಸಲವೇ ಅದನ್ನು ತಲೆಕೆಳಗಾಗಿ ತೆರೆಯುತ್ತಾರೆ. ಆ ಕ್ಷಣದಿಂದ ಅದು 45 ಪೀಸಿನದು. ಹೋಗಿದ್ದು ಯಾವುದು ಎಂದು ಕೇಳಬೇಡಿ, ಯಾವಾಗಲೂ 10 ನಂಬರೇ ಹೋಗುವುದು. ನಾಲ್ಕೂವರೆಯದನ್ನು ಎಸೆದರೂ ವಾಪಸು ಬರುತ್ತದೆ.

ತ್ರೀ ಬೈ ಎಯ್ಟ್ ಮನೆಯ ನಡುವಿನ ಮಗನಿದ್ದ ಹಾಗೆ. ಓಡಾಟಕ್ಕೆಲ್ಲ ಅವನೇ ಬೇಕು, ಫೋಟೋ ತೆಗೆಯುವಾಗ ಯಾರೂ ಕರೆಯುವುದಿಲ್ಲ. ಅಮೆರಿಕದಲ್ಲಿ ಮನೆಯಂಗಳದಲ್ಲಿ ಕಾರು ಬಿಚ್ಚುವವರು ಮೊದಲು ಕೈ ಹಾಕುವುದು ಸಾಮಾನ್ಯವಾಗಿ ಇದಕ್ಕೇ, ಸ್ಪಾರ್ಕ್ ಪ್ಲಗ್ಗಿನ ಸಾಕೆಟ್ಟುಗಳು ಹೆಚ್ಚಾಗಿ ಬರುವುದೂ ಇದೇ ಅಳತೆಯಲ್ಲಿ. ನಮ್ಮಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕೇಳಿ ನೋಡಿ.

‘ತ್ರೀ ಬೈ ಎಯ್ಟ್ ರಾಚೆಟ್ ಇದೆಯಾ?’

‘ಅದು ಬರಲ್ಲ ಸಾರ್, ಕೇಳೋರಿಲ್ಲ. ಹಾಫ್ ಇಂಚ್ ತಗೊಳ್ಳಿ, ಸ್ಟ್ರಾಂಗ್ ಇರುತ್ತೆ.’

‘ಬೈಕಿಗೆ ದೊಡ್ಡದಾಗಲ್ವಾ?’

‘ಹಾಗಾದ್ರೆ ಕಾಲಿಂಚು ತಗೊಳ್ಳಿ. ನಲವತ್ತಾರು ಪೀಸ್ ಬರುತ್ತೆ.’

‘ಅದು ಚಿಕ್ಕದಾಗುತ್ತಲ್ಲ?’

‘ಅದಕ್ಕೇ ಸಾರ್ ಎಲ್ಲರೂ ಎರಡೂ ತಗೊಳ್ಳೋದು.’

ಈ ತರ್ಕಕ್ಕೆ ಉತ್ತರವಿಲ್ಲ. ಎರಡನ್ನೂ ಬಿಲ್ ಹಾಕಿಸುವಾಗ ‘ಇರಲಿ ಸಾರ್’ ಎಂದು ಎರಡನ್ನೂ ಜೋಡಿಸುವ ಅಡಾಪ್ಟರನ್ನೂ ಚೀಲಕ್ಕೆ ಹಾಕುತ್ತಾನೆ. ಕಾಲು ಇಂಚಿನ ರಾಚೆಟ್ಟಿಗೆ ಅರ್ಧ ಇಂಚಿನ ಸಾಕೆಟ್ ಸಿಕ್ಕಿಸಿ, ಹಿಡಿಗೆ ನೀರಿನ ಪೈಪು ತೂರಿಸಿ ಎಳೆಯುವ ಸಾಹಸ ಸಾಧ್ಯವಾಗುವುದು ಈ ಅಡಾಪ್ಟರಿನ ಕೃಪೆಯಿಂದಲೇ. ರಾಚೆಟ್ಟಿನ ಒಳಗೆ ಹಲ್ಲು ಉದುರುವ ಶಬ್ದ ಇಂಪಾಗಿರುತ್ತದೆ. 72 ಹಲ್ಲಿನದಾದರೆ ಹೆಚ್ಚು ಹೊತ್ತು ಕೇಳುತ್ತದೆ.

ಮಗನೋ ಅಳಿಯನೋ ಕ್ಯಾಲಿಫೋರ್ನಿಯಾದಲ್ಲಿದ್ದರೆ ಇನ್ನೊಂದು ದಾರಿಯಿದೆ. ಉಪ್ಪಿನಕಾಯಿ ಒಯ್ದ 23 ಕಿಲೋ ಸೂಟ್‌ಕೇಸಿನಲ್ಲೇ ವಾಪಸು ಬರುವಾಗ ಒಂದು ಸೆಟ್ಟು ಬರುತ್ತದೆ. ಅಪ್ಪಟ ತ್ರೀ ಬೈ ಎಯ್ಟ್, ಜೀವಮಾನದ ಗ್ಯಾರಂಟಿ. ತೆರೆದು ನೋಡಿದರೆ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ಕ ಸೆಟ್ಟು, ಸಾಕೆಟ್ಟುಗಳೆಲ್ಲ ಇಂಚಿನವು! ಅರ್ಧ ಇಂಚಿನ ಸಾಕೆಟ್ ನಮ್ಮ 13 ನಂಬರ್ ಬೋಲ್ಟಿಗೆ ಹೋಗುವುದೇ ಇಲ್ಲ. 12ಕ್ಕೆ ಹೋಗುತ್ತದೆ, ಹೋಗಿ ಅದರ ಮೂಲೆಗಳನ್ನೆಲ್ಲ ಸವೆಸಿ ಗುಂಡಗೆ ಮಾಡಿ ಬರುತ್ತದೆ. ‘ಅಮೆರಿಕನ್ ಸ್ಟೀಲ್ ನೋಡಿ, ಏನು ಗಟ್ಟಿ’ ಎಂದು ಮಾವನವರು ಹೆಮ್ಮೆಪಡುತ್ತಾರೆ.

ಆ ಅಮೆರಿಕದಲ್ಲೇ ಈ ಕಥೆ ಶುರುವಾದದ್ದು ಉಲ್ಟಾ ಉದ್ದೇಶದಿಂದ. ಅಲ್ಲಿ ಮೆಕ್ಯಾನಿಕ್ಕುಗಳು ಒಂದೊಂದು ಸೈಜಿಗೂ ಹಿಡಿ ಸಮೇತ ಒಂದೊಂದು ಸ್ಪ್ಯಾನರ್ ಹೊರುತ್ತಿದ್ದ ಕಾಲದಲ್ಲಿ, 1920ರಲ್ಲಿ, ಮಿಲ್ವಾಕಿಯ ಜೋಸೆಫ್ ಜಾನ್ಸನ್ ಮತ್ತು ಅವರ ಜೊತೆಗಾರ ಐದು ಹಿಡಿ, ಹತ್ತು ಸಾಕೆಟ್ ಮಾಡಿ, ಬೇಕಾದ್ದನ್ನು ಬೇಕಾದ್ದಕ್ಕೆ ಸಿಕ್ಕಿಸಿಕೊಳ್ಳಿ, ಐವತ್ತು ಸ್ಪ್ಯಾನರಿನ ಕೆಲಸ ಐದರಲ್ಲಿ ಆಗುತ್ತದೆ ಎಂದು ಮಾರಲು ಹೊರಟರು. ಸ್ನ್ಯಾಪ್-ಆನ್ ಕಂಪನಿ ಹುಟ್ಟಿದ್ದು ಹಾಗೆ. ಹೊರೆ ಇಳಿಸಲು ಬಂದ ಉಪಾಯ ಅದು. ಈಗ ಇನ್ನೂರು ಚಿಲ್ಲರೆ ಪೀಸಿನ ಸೂಟ್‌ಕೇಸನ್ನು ಎತ್ತಲು ಇಬ್ಬರು ಬೇಕು, ಕಾಟಿನ ಕೆಳಗಿಂದ ಎಳೆಯುವಾಗ ಟೈಲ್ಸಿನ ಮೇಲೆ ಗೀರು ಬೀಳುತ್ತದೆ.

ಎಳೆಯುವುದಾದರೂ ಯಾವಾಗ? ಆಯುಧಪೂಜೆಯ ದಿನ. ಮಹಾನವಮಿಯ ಬೆಳಿಗ್ಗೆ ಪೆಟ್ಟಿಗೆ ಹೊರಗೆ ಬರುತ್ತದೆ. ಮುಚ್ಚಳ ತೆರೆದು, ಸಾಕೆಟ್ಟುಗಳಿಗೆ ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು, ರಾಚೆಟ್ಟಿಗೆ ಚೆಂಡುಹೂವು ಸಿಕ್ಕಿಸಿ, ಮಂಗಳಾರತಿ ಎತ್ತಿ, ಬೂದುಗುಂಬಳ ಒಡೆದ ಮೇಲೆ ಪೆಟ್ಟಿಗೆ ಕಾಟಿನ ಕೆಳಗೆ ಹೋಗುತ್ತದೆ. ಮುಂದಿನ ವರ್ಷ ತೆರೆದಾಗ ಬೊಟ್ಟು ಇಟ್ಟಲ್ಲೇ ಇರುತ್ತದೆ, ಒಂದಾದರೂ ಅಳಿಸಿರುವುದಿಲ್ಲ.

ಇತ್ತ ಬೀದಿ ಕೊನೆಯ ಗ್ಯಾರೇಜಿನಲ್ಲಿ ಮೀಸೆ ಮೂಡುತ್ತಿರುವ ಹುಡುಗನೊಬ್ಬ ಇದ್ದಾನೆ. ಅವನ ಆಸ್ತಿ ಎಂದರೆ ಎಣ್ಣೆ ಹಿಡಿದ ಗೋಣಿಯ ಮೇಲೆ ನಾಲ್ಕು ಟಿ ಸ್ಪ್ಯಾನರ್, ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು ರಿಂಗುಗಳು, ಒಂದು ಸ್ಕ್ರೂಡ್ರೈವರ್, ಒಂದು ಸುತ್ತಿಗೆ. ಟಿ ಸ್ಪ್ಯಾನರನ್ನು ಬೋಲ್ಟಿಗೆ ಇಟ್ಟು ಎರಡು ಬೆರಳಲ್ಲಿ ಗಿರ್ರನೆ ತಿರುಗಿಸಿ, ಕೊನೆಯ ಕಾಲು ಸುತ್ತಿಗೆ ಮಾತ್ರ ಮಣಿಕಟ್ಟು ಬಳಸಿ ನಿಲ್ಲಿಸುತ್ತಾನೆ. ಎಲ್ಲಿ ನಿಲ್ಲಿಸಬೇಕು ಎಂಬುದು ಅವನ ಮಣಿಕಟ್ಟಿಗೆ ಗೊತ್ತು. ‘ರಾಚೆಟ್ ಇಲ್ವೇನಪ್ಪಾ?’ ಎಂದರೆ, ‘ಇದೆ ಸಾರ್, ಓನರ್ ಬೀರುನಲ್ಲಿ ಇಟ್ಟಿದ್ದಾರೆ’ ಎನ್ನುತ್ತಾನೆ.

ಇಷ್ಟಾದ ಮೇಲೂ ಕೊಳ್ಳಲೇಬೇಕು ಎನ್ನುವವರಿಗೆ ನನ್ನ ಅಭಿಪ್ರಾಯ. ಕಳೆದ ವರ್ಷ ನೀವೇ ನಿಮ್ಮ ಕೈಯಾರೆ ಬಿಚ್ಚಿದ ನಟ್ಟು-ಬೋಲ್ಟುಗಳ ನಂಬರನ್ನು ಒಂದು ಚೀಟಿಯಲ್ಲಿ ಬರೆಯಿರಿ. ಚೀಟಿ ಖಾಲಿ ಇದ್ದರೆ ಖಾಲಿಯನ್ನೇ ಕೊಳ್ಳಿ. ಹೋಂಡಾ, ಹೀರೋ, ಯಮಹಾ ಇರುವವರ ಚೀಟಿಯಲ್ಲಿ 8, 10, 12, 14, 17 ಬಿಟ್ಟು ಹೆಚ್ಚೇನೂ ಇರುವುದಿಲ್ಲ. ಅವರಿಗೆ ಒಂದು ತ್ರೀ ಬೈ ಎಯ್ಟ್ ರಾಚೆಟ್, ಆ ಐದು ಸಾಕೆಟ್, ಪ್ಲಗ್ಗಿಗೆ 16ರದ್ದೊಂದು, ಒಂದು ಗಿಡ್ಡ ಎಕ್ಸ್‌ಟೆನ್ಷನ್, ಒಂದು ಉದ್ದದ್ದು. ಹಳೇ ಸಾಕ್ಸಿನಲ್ಲಿ ಹಿಡಿಯುತ್ತದೆ, ಅದಕ್ಕೇ ಯಾರೂ ಕೊಳ್ಳುವುದಿಲ್ಲ. ಡ್ಯಾಶ್‌ಬೋರ್ಡು, ಪ್ಲಾಸ್ಟಿಕ್ ಪ್ಯಾನೆಲ್ಲು ಬಿಚ್ಚುವ ಚಪಲ ಇದ್ದವರು ಕಾಲು ಇಂಚನ್ನೂ ಸೇರಿಸಿಕೊಳ್ಳಲಿ. ಚಕ್ರ, ಬ್ರೇಕು, ಸಸ್ಪೆನ್ಷನ್ ಎಂದು ಕಾರಿನ ಕೆಳಗೆ ನಿಜವಾಗಿ ಮಲಗುವವರು ಅರ್ಧ ಇಂಚಿಗೆ ಬರಬಹುದು, ಆದರೆ ಅವರೂ ಮೊದಲು ಕೊಳ್ಳಬೇಕಾದದ್ದು ಉದ್ದನೆಯ ಬ್ರೇಕರ್ ಬಾರ್. ತುಕ್ಕು ಹಿಡಿದ ನಟ್ಟನ್ನು ಮೊದಲ ಸಲ ಅಲ್ಲಾಡಿಸುವುದು ರಾಚೆಟ್ಟಿನ ಕೆಲಸವಲ್ಲ, ಅಲ್ಲಾಡಿದ ಮೇಲೆ ಬಿಚ್ಚುವುದಷ್ಟೇ ಅದರ ಕೆಲಸ. ಮುಕ್ಕಾಲು ಇಂಚಿನದು ಲಾರಿಗೆ. ಲಾರಿ ಇಲ್ಲದೆಯೂ ಅದನ್ನು ಕೊಂಡವರಿದ್ದಾರೆ, ಅವರ ಮನೆಯವರ ಬಗ್ಗೆ ನನಗೆ ಸಹಾನುಭೂತಿ ಇದೆ.

ಇದನ್ನೆಲ್ಲ ನಮ್ಮವನ ಮುಂದೆ ಬಿಡಿಸಿ ಹೇಳಿ ಆಯಿತು. ತಲೆದೂಗಿ ಕೇಳಿಸಿಕೊಂಡ. ಕೊನೆಗೆ, ‘ಸರಿ, ರಾಚೆಟ್ ವಿಷಯ ಕ್ಲಿಯರ್ ಆಯ್ತು. ಟಾರ್ಕ್ ರೆಂಚ್ ಯಾವ ಡ್ರೈವಿಂದು ತಗೊಳ್ಳಲಿ? ಕಾಲು ಇಂಚಿಂದು ಇಪ್ಪತ್ತೈದಕ್ಕೇ ನಿಂತುಬಿಡುತ್ತೆ, ಹಾಫ್ ಇಂಚಿಂದು ನಲವತ್ತರ ಮೇಲೆ ಶುರುವಾಗುತ್ತೆ. ಹಾಗಾದ್ರೆ ಮೂರೂ ಬೇಕಾಗುತ್ತಲ್ವಾ?’ ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ವಿಸ್ ಸೆಂಟರಿನ ಡ್ರೈವರ್ ಅವನ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ. ವೈಪರ್ ಬ್ಲೇಡ್ ಬದಲಾಯಿಸಲು ಹೋಗಿತ್ತಂತೆ.