ಸಣ್ಣಭಯ ಮೀಮಾಂಸೆ: ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸುವಂತೆ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೇ ನಾಲ್ಕು ಸಂಗತಿ ಹೇಳಿಬಿಡಬೇಕೆಂದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇಲ್ಲಿಯ ವಿಷಯ, ಅರವತ್ತು ದಾಟಿದವರ ಸಣ್ಣಪುಟ್ಟ ಭಯಗಳು. ಪ್ರಯೋಜನ, ಹೆದರುವಾಗ ತಾನು ಯಾವ ವರ್ಗದಲ್ಲಿ ಹೆದರುತ್ತಿದ್ದೇನೆಂದು ತಿಳಿದುಕೊಂಡು ಹೆದರುವುದು. ಸಂಬಂಧ, ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜೊತೆ. ಅಧಿಕಾರಿ, ಅಂದರೆ ಓದಲು ಅರ್ಹತೆಯುಳ್ಳವರು: ರಾತ್ರಿ ಮಲಗಿದ ಮೇಲೆ ಎದ್ದುಹೋಗಿ ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡಿ ಬಂದವರೆಲ್ಲರೂ.

ಪೂರ್ವಸೂರಿಗಳಿಗೆ ನಮಸ್ಕಾರ ಹಾಕದೆ ಮುಂದೆ ಹೋಗುವಂತಿಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸವನ್ನು ಮೂರು ಬಗೆಯೆಂದ: ವ್ಯಾಜದಿಂದ ಬಂದದ್ದು, ಅಂದರೆ ಬರೀ ನಟನೆ, ಅಪರಾಧದಿಂದ ಬಂದದ್ದು, ಬೆದರಿಕೆಯಿಂದ ಬೆಚ್ಚಿಬಿದ್ದದ್ದು. ಮುನಿಯ ಕಣ್ಣು ಚುರುಕು. ಬೆಂಗಳೂರಿನ ಮಗ ಯುಗಾದಿಗೂ ಬರಲಿಲ್ಲ, ಗೌರಿ ಹಬ್ಬಕ್ಕೂ ಬರಲಿಲ್ಲ ಅಂದಾಗ ಕೊರಟಗೆರೆ ಕಡೆಯ ತಾಯಿ ಫೋನಿನಲ್ಲಿ, “ಯಾಕೋ ಎದೆ ಡವಗುಟ್ತಾ ಐತೆ ಕಣಪ್ಪ” ಅನ್ನುತ್ತಾಳಲ್ಲ, ಅದು ಮೊದಲನೆಯದು. ಮಗನ ಕಾರು ಬೀದಿಗೆ ತಿರುಗಿದ ಕೂಡಲೇ ಡವಗುಟ್ಟುವುದು ನಿಂತು ಒಲೆಯ ಮೇಲೆ ಮುದ್ದೆಗೆ ಎಸರು ಏರುತ್ತದೆ. ಎರಡನೆಯದಕ್ಕೆ ಶುಗರ್ ಇರುವ ಯಜಮಾನರೇ ಸಾಕ್ಷಿ. ಮದುವೆ ಮನೆಯಲ್ಲಿ ಎರಡನೇ ಹೋಳಿಗೆಗೆ ಎಲೆ ಒಡ್ಡಿ, ರಕ್ತಪರೀಕ್ಷೆಗೆ ಎರಡು ದಿನ ಮುಂಚೆ ಸೊಪ್ಪು ಸಾರು ಉಂಡು ಋಷಿಯಂತೆ ಇದ್ದುಬಿಡುತ್ತಾರೆ. ಈ ತಪಸ್ಸನ್ನು ಎಚ್‌ಬಿಎ1ಸಿ ಎಂಬ ಪರೀಕ್ಷೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಹಿಂದಿನ ಎರಡು ಮೂರು ತಿಂಗಳ ಹೋಳಿಗೆಯನ್ನೆಲ್ಲ ಕೂಡಿಸಿ ಹೇಳಿಬಿಡುತ್ತದೆ. ಮೂರನೆಯದು ಬೆಳಗಿನ ಜಾವ ಫೋನ್ ಬಡಿದುಕೊಂಡಾಗ ಆಗುವಂಥದ್ದು. ಅದಕ್ಕೆ ವಿವರಣೆ ಬೇಕಿಲ್ಲ.

ಆದರೆ ಭರತ ಬರೆದದ್ದು ರಂಗಸ್ಥಳಕ್ಕೆ. ಅಲ್ಲಿ ಹೆದರಿಸಲು ಪಿಶಾಚಿ, ಪಾಳುಮನೆ, ಕಾಡು ಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅವೆಲ್ಲ ಬೇಕಾದಷ್ಟಿವೆ, ಹೆದರುವವರು ಮಾತ್ರ ಕಡಿಮೆ. ಮಧುಗಿರಿ, ಪಾವಗಡದ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ. ಹೊಲಕ್ಕೆ ಹೋದವರ ಮೇಲೆ ಬೀಳುವುದೂ ಉಂಟು, ಗುಡಿಗೆ ನುಗ್ಗಿ ದೀಪದ ಎಣ್ಣೆ ನೆಕ್ಕಿ ಹೋಗುವುದೂ ಉಂಟು. ಆದರೂ ಆ ಗುಡ್ಡದ ಬುಡದಲ್ಲೇ ಕುರಿ ಮೇಯಿಸುತ್ತ ಮುದುಕನಾದವನೊಬ್ಬ ಒಮ್ಮೆ ನನಗೆ ಹೇಳಿದ: “ಕರಡಿ ಕಂಡ್ರೆ ಕೂಗಾಕ್ತೀನಿ ಕಣಪ್ಪ, ಅದಕ್ಕೂ ನನ್ನ ಭಯ ಇರ್ತದೆ. ಈ ಓಟಿಪಿಗೆ ಯಾರ ಭಯ ಐತೆ ಹೇಳು?” ಇಡೀ ಶಾಸ್ತ್ರದ ಮೂಲಸೂತ್ರ ಇದೇ. ದೊಡ್ಡ ಭಯಕ್ಕೆ ವಿಳಾಸವಿದೆ. ಎಲ್ಲಿರುತ್ತದೆ, ಯಾವಾಗ ಬರುತ್ತದೆ, ಏನು ಕೊಟ್ಟರೆ ಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಸಣ್ಣದಕ್ಕೆ ವಿಳಾಸವಿಲ್ಲ, ಅದಕ್ಕೇ ಅದು ಮನೆಯೊಳಗೇ ಓಡಾಡಿಕೊಂಡಿರುತ್ತದೆ.

ಶನಿಯನ್ನೇ ನೋಡಿ. ಸಾಡೇಸಾತಿ ಅಂದರೆ ಏಳೂವರೆ ವರ್ಷ. ಆತ ಒಂದು ಸುತ್ತು ಹಾಕಲು ಸುಮಾರು ಮೂವತ್ತು ವರ್ಷ ಬೇಕಾದ್ದರಿಂದ ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಎರಡು, ತಪ್ಪಿದರೆ ಮೂರು ಸಲ ಬರುತ್ತಾನೆ. ಜನ ಇದನ್ನು ಆಗಲೇ ವರ್ಗೀಕರಿಸಿಟ್ಟಿದ್ದಾರೆ: ಮಂಗು ಶನಿ, ಪೊಂಗು ಶನಿ, ಮರಣ ಶನಿ. ಮೂರನೆಯ ಹೆಸರು ಕೇಳಿದರೆ ಎಪ್ಪತ್ತು ದಾಟಿದವರ ಕೈಕಾಲು ತಣ್ಣಗಾಗಬೇಕಿತ್ತು. ಆಗುವುದಿಲ್ಲ. ಪಾವಗಡದಲ್ಲಿ ಶನೈಶ್ಚರನ ಗುಡಿ ಇದೆ, ವಾರದಲ್ಲಿ ಶನಿವಾರ ಇದೆ, ಎಳ್ಳೆಣ್ಣೆ ಇದೆ, ಬಸ್ಸೂ ಇದೆ. ಹಾಗೆಯೇ ಮಾರಿಯ ಭಯಕ್ಕೆ ಮಧುಗಿರಿಯ ದಂಡಿನ ಮಾರಮ್ಮ, ಕೈ ಖಾಲಿಯಾಗುವ ಭಯಕ್ಕೆ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ, ವಾಸಿಯಾಗದ ಕಾಯಿಲೆಗೆ ಸಿದ್ಧರಬೆಟ್ಟದ ಗಿಡಮೂಲಿಕೆ. ಸರ್ಕಾರವೂ ಇದೇ ಹಾದಿ ಹಿಡಿದು ಭಯಗಳಿಗೆ ಟೆಲಿಫೋನ್ ನಂಬರು ಕೊಟ್ಟಿದೆ: ಆಂಬುಲೆನ್ಸಿಗೆ 108, ಪೊಲೀಸಿಗೆ 112, ಸೈಬರ್ ಕಳ್ಳರಿಗೆ 1930, ಹಿರಿಯರ ಸಹಾಯಕ್ಕೇ ಅಂತ 14567. ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬುದಕ್ಕೆ ಮಾತ್ರ ದೇವರೂ ಇಲ್ಲ, ನಂಬರೂ ಇಲ್ಲ.

ಇನ್ನು ವರ್ಗಗಳು. ಮೊದಲನೆಯದು ಪತನಭಯ. ಇದರ ರಾಜಧಾನಿ ಮಧುಗಿರಿ. ಊರಿನ ತಲೆಯ ಮೇಲೆ ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಏಕಶಿಲಾ ಬೆಟ್ಟ ನಿಂತಿದೆ. ಹಿಡಿಯಲು ಕಂಬಿಯಿಲ್ಲದ ಕಾಲದಲ್ಲಿ, ಬಂಡೆಗೆ ಕೊರೆದ ಹೆಜ್ಜೆಗುಳಿಯಲ್ಲಿ ಬರಿಗಾಲಿಟ್ಟು ಹತ್ತಿದವರು ಈಗಲೂ ಊರಿನಲ್ಲಿದ್ದಾರೆ. ಅವರು ಈಗ ಹೆದರುವುದು ಮಗ ಹೊಸದಾಗಿ ಹಾಕಿಸಿದ ಬಚ್ಚಲುಮನೆಯ ಟೈಲ್ಸಿಗೆ. ನಗಬೇಡಿ, ಈ ವರ್ಗಕ್ಕೆ ಜಾಗತಿಕ ಮಾನ್ಯತೆ ಇದೆ. 1990ರಲ್ಲಿ ಅಮೆರಿಕದ ವೈದ್ಯೆ ಮೇರಿ ಟಿನೆಟಿ ಮತ್ತು ಸಂಗಡಿಗರು ಬೀಳುವ ಭಯವನ್ನು ಅಳೆಯಲು ಹತ್ತು ಪ್ರಶ್ನೆಗಳ ಮಾಪನವೊಂದನ್ನು ಪ್ರಕಟಿಸಿದರು. ಬೀಳದಂತೆ ಸ್ನಾನ ಮಾಡಬಲ್ಲೆನೆಂಬ ಧೈರ್ಯ ಎಷ್ಟಿದೆ, ಕುರ್ಚಿಯಿಂದ ಏಳಬಲ್ಲಿರಾ, ಫೋನ್ ಬಂತೆಂದು ಅವಸರವಾಗಿ ಹೋಗಿ ಎತ್ತಬಲ್ಲಿರಾ ಎಂದೆಲ್ಲ ಅದರಲ್ಲಿದೆ. ಒಳ್ಳೆಯ ಪಟ್ಟಿ, ಆದರೆ ಅಪೂರ್ಣ. ಖಾಸಗಿ ಬಸ್ಸಿನ ಮೊದಲ ಮೆಟ್ಟಿಲು ಅದರಲ್ಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಮಧುಗಿರಿ ಬಸ್ ಸ್ಟ್ಯಾಂಡಿನ ನೆಲದ ಮೇಲೆ ಇರುವಾಗ ಕ್ಲೀನರ್ ಹುಡುಗ “ರೈಟ್ ರೈಟ್” ಅನ್ನುವ ಆ ಗಳಿಗೆಗೆ ಅಮೆರಿಕದಲ್ಲಿ ಸಮಾನಾಂತರವಿರಲಾರದು.

ಈ ಭಯಕ್ಕೊಂದು ಕೆಟ್ಟ ಗುಣವಿದೆ. ಬಿದ್ದೇನೆಂದು ನಡೆಯುವುದು ಬಿಟ್ಟರೆ ಕಾಲಿನ ಕಸುವು ಇಳಿಯುತ್ತದೆ, ಕಸುವು ಇಳಿದರೆ ನಿಜಕ್ಕೂ ಬೀಳುತ್ತಾರೆ. ಹಾಗಂತ ಪಾವಗಡದವರಿಗೆ “ಸುಮ್ಮನೆ ಹೆದರಬೇಡಿ, ನಡೀರಿ” ಎಂದು ಬುದ್ಧಿ ಹೇಳುವಂತಿಲ್ಲ. ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲು ಬಿಗಿದುಕೊಂಡು ಬೆನ್ನು ಬಗ್ಗಿರುತ್ತದೆ. ಅವರ ಹೆದರಿಕೆ ಮನಸ್ಸಿನಲ್ಲಿ ಹುಟ್ಟಿದ್ದಲ್ಲ, ಮೂಳೆಯಲ್ಲಿ. ಅದನ್ನು ಸಣ್ಣಭಯವೆಂದು ಈ ಗ್ರಂಥದಲ್ಲಿ ಸೇರಿಸುವುದು ತಪ್ಪು, ಆದ್ದರಿಂದ ಹೊರಗಿಡಲಾಗಿದೆ.

ಎರಡನೆಯದು ಅಂಗುಷ್ಠಭಯ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಶ್ರೀಮಂತ ವರ್ಗ. ತಿಂಗಳ ಅಕ್ಕಿ ಕೊಡುವ ದಿನ ಶಿರಾ ಕಡೆಯ ಯಾವುದಾದರೂ ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲಿ. ಸರದಿಯಲ್ಲಿ ಒಬ್ಬ ಅಜ್ಜಿ. ಬಿತ್ತನೆಗೆ ಕಡ್ಲೆಕಾಯಿ ಸುಲಿದು, ಹುಣಸೆಹಣ್ಣು ಬಡಿದು ಬೀಜ ತೆಗೆದು, ಆಕೆಯ ಹೆಬ್ಬೆಟ್ಟಿನ ಗೆರೆಗಳು ಸವೆದು ಹೋಗಿವೆ. ಗಾಜಿನ ಮೇಲೆ ಬೆಟ್ಟು ಇಡುತ್ತಾಳೆ, ಯಂತ್ರ ಕೆಂಪಗಾಗುತ್ತದೆ. “ಇನ್ನೊಂದ್ಸಲ ಇಡಜ್ಜಿ.” ಸೆರಗಿಗೆ ಒರೆಸಿ ಇಡುತ್ತಾಳೆ. ಮತ್ತೆ ಕೆಂಪು. “ತಲೆಗೆ ಉಜ್ಕೊಂಡು ಇಡಜ್ಜಿ, ಎಣ್ಣೆ ಪಸೆ ಬೇಕು ಅದಕ್ಕೆ.” ತಲೆಗೆ ಉಜ್ಜುತ್ತಾಳೆ. ಆ ಬೆಳಿಗ್ಗೆ ಎಣ್ಣೆ ಹಚ್ಚಿಲ್ಲ. ಹಿಂದೆ ನಿಂತವಳು ಮುಂದೆ ಬಗ್ಗಿ, “ನನ್ ತಲೆ ಮುಟ್ಟು ಬಾ, ರಾತ್ರಿನೇ ಹಚ್ಚಿದೀನಿ” ಅನ್ನುತ್ತಾಳೆ. ಪರರ ತಲೆಯೆಣ್ಣೆಯಿಂದ ತನ್ನ ಗುರುತು ಸಿದ್ಧವಾಗುವ ಈ ಪ್ರಸಂಗವನ್ನು ಯಾವ ಪ್ರಮಾಣಶಾಸ್ತ್ರದಲ್ಲಿ ಇಡುವುದು? ಪ್ರತ್ಯಕ್ಷವೇ, ಅನುಮಾನವೇ? ನೈಯಾಯಿಕರು ಉತ್ತರಿಸಬೇಕು. ಅಕ್ಕಿ ಸಿಕ್ಕಿತು. ಆದರೆ ಮುಂದಿನ ತಿಂಗಳ ಭಯ ಅಂದೇ ಶುರುವಾಯಿತು.

ಇದರದೇ ಒಂದು ಉಪಶಾಖೆ ನವೆಂಬರ್‌ನಲ್ಲಿ ಪಿಂಚಣಿದಾರರನ್ನು ಹಿಡಿಯುತ್ತದೆ: ತಾನು ಬದುಕಿದ್ದೇನೆಂದು ತೋರಿಸಬೇಕಾದ ಭಯ. ಕೇಂದ್ರ ಸರ್ಕಾರ 2014ರ ನವೆಂಬರ್‌ನಲ್ಲಿ ಅದನ್ನು ಬೆಟ್ಟೊತ್ತಿ ತೋರಿಸುವ ಜೀವನ್ ಪ್ರಮಾಣ್ ತಂದಿತು. ಬೆಟ್ಟು ಮೂಡದವರಿಗೆ 2021ರಿಂದ ಮುಖ ತೋರಿಸುವ ಅನುಕೂಲವೂ ಬಂತು. ಮೊಬೈಲಿನ ಮುಂದೆ ನೆಟ್ಟಗೆ ಕೂತು ಕಣ್ಣು ಮಿಟುಕಿಸಬೇಕು. ಮಧುಗಿರಿಯ ಒಬ್ಬ ನಿವೃತ್ತ ಅಂಚೆ ನೌಕರರು ಬಿಗಿಯಾಗಿ ಕೂತು, ಎವೆಯಿಕ್ಕದೆ, ದೇವರ ಉತ್ಸವಮೂರ್ತಿಯ ಹಾಗೆ ನೋಡಿದರಂತೆ. ಯಂತ್ರ ಒಪ್ಪಲಿಲ್ಲ. ಹೆದರಿಕೆಗೆ ಮೈ ಮರಗಟ್ಟುವುದನ್ನು ಭರತ ಸ್ತಂಭ ಎಂದು ಕರೆದು ಎಂಟು ಸಾತ್ವಿಕ ಭಾವಗಳಲ್ಲಿ ಮೊದಲಿಗೆ ಎಣಿಸಿದ್ದಾನೆ. ಬದುಕಿಲ್ಲವೆನ್ನಲು ಅದೇ ಆಧಾರವಾಗುತ್ತದೆಂದು ಆತನಿಗೆ ಹೊಳೆದಿರಲಿಕ್ಕಿಲ್ಲ.

ಮಾರ್ಗಭಯ ಶಿರಾದ್ದು. ಒಂದು ಕಾಲಕ್ಕೆ ಮೊಘಲರ ಸುಬಾದ ಕೇಂದ್ರವಾಗಿದ್ದ ಊರು, ಸುಬೇದಾರರೇ ಬಂದಿಳಿಯುತ್ತಿದ್ದ ಜಾಗ. ಈಗ ರಾಷ್ಟ್ರೀಯ ಹೆದ್ದಾರಿ 48ರ ಬಸ್ಸು ಊರೊಳಗೆ ಹೋಗದೆ ಬೈಪಾಸಿನಲ್ಲೇ ಇಳಿಸಿ ಹೋದರೆ ಅನ್ನುವುದು ಭಯ. ಬೆಂಗಳೂರು ಬಿಡುವಾಗಲೇ ಕಂಡಕ್ಟರನ್ನು ಕೇಳಿರುತ್ತಾರೆ, ತುಮಕೂರಿನಲ್ಲಿ ಮತ್ತೊಮ್ಮೆ ಕೇಳುತ್ತಾರೆ, ಆಮೇಲೆ ನಿದ್ದೆ ಮಾಡುವುದಿಲ್ಲ. ಇದೇ ವರ್ಗದ ಪಾವಗಡ ಪ್ರಭೇದ ಬೇರೆ. ಆ ತಾಲ್ಲೂಕು ಜಿಲ್ಲೆಯ ಮೈಗೆ ಅಂಟಿಕೊಂಡಿಲ್ಲ, ಮೂರು ಕಡೆ ಆಂಧ್ರ. ಮಧುಗಿರಿಯಿಂದ ಹೊರಟ ಬಸ್ಸು ನಡುವೆ ಆಂಧ್ರದ ನೆಲ ತುಳಿದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಆಗ ಕಿಸೆಯೊಳಗಿನ ಮೊಬೈಲು ಟಿಣ್ ಅಂದು ಹೊಸ ರಾಜ್ಯಕ್ಕೆ ಸ್ವಾಗತ ಕೋರಿದರೆ ತಾತ ಫೋನ್ ಸ್ವಿಚ್ ಆಫ್ ಮಾಡುತ್ತಾನೆ, ದುಡ್ಡು ಕಿತ್ತುಕೊಂಡೀತೆಂದು. ರೋಮಿಂಗ್ ಶುಲ್ಕ ಹೋಗಿ ವರ್ಷಗಳಾದವು, ಹೆದರಿಕೆ ಉಳಿದಿದೆ. ಆ ಕಡೆ ಮಗಳು, ಫೋನ್ ಸ್ವಿಚ್ ಆಫ್ ಅಂತ ಬರುತ್ತಿದೆಯಲ್ಲ ಎಂದು ತಾನು ಹೆದರಲು ಶುರು ಮಾಡುತ್ತಾಳೆ. ಭಯ ಹೀಗೆ ವಂಶಪಾರಂಪರ್ಯವಾಗುತ್ತದೆ.

ಕೆಲವು ಕಿರುಭಯಗಳನ್ನು ಹೆಸರಿಸಿ ಬಿಟ್ಟರೆ ಸಾಕು. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲವೆಂಬ ಭಯ: ಎಲ್ಲ ನಮೂನೆಯೂ ನಡೆಯುತ್ತದೆಂದು ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ಸಂತೆಯಲ್ಲಿ ಅದರ ಮಾತು ನಡೆಯುತ್ತಿಲ್ಲ. ಬಸ್ಸಿನಲ್ಲಿ ಆಧಾರ್ ಮರೆತು ಬಂದೆನೇನೋ ಎಂಬ ಭಯ: ಜನ್ಮದಿನಾಂಕ ಖಚಿತವಾಗಿ ಗೊತ್ತಿರುವ ಏಕೈಕ ಭಯ, 2023ರ ಜೂನ್ 11, ಹೆಂಗಸರ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾದ ದಿನ, ಹೆಂಗಸರಿಗೆ ಮಾತ್ರ ಬರುತ್ತದೆ.

ನಿಷ್ಕಾರಣಭಯವನ್ನು ಪಾವಗಡದ ತಿರುಮಣಿ ಸುತ್ತಿನಲ್ಲಿ ನೋಡಬೇಕು. ಅಲ್ಲಿ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, ಅವಧಿ 28 ವರ್ಷ. ಹುಟ್ಟಿದಾಗಿನಿಂದ ಮಳೆಗೆ ಹೆದರಿದವರು, ಅಂದರೆ ಅದು ಬಾರದ್ದಕ್ಕೆ ಹೆದರಿದವರು, ಜಮೀನು ಕೊಟ್ಟು ಮನೆಯ ಜಗಲಿಯಲ್ಲಿ ಕೂತರು. ಈಗ ಆಕಾಶದಲ್ಲಿ ಮೋಡ ಕಂಡರೆ ಹೆದರಬೇಕಾದ್ದು ಕಂಪನಿ. ಇವರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಹೆದರಿಕೆ ಸುಮ್ಮನಿರುತ್ತದೆಯೇ? ಅರವತ್ತಕ್ಕೆ ಸಹಿ ಹಾಕಿದವರು ಕರಾರು ಮುಗಿಯುವಾಗ ಎಂಬತ್ತೆಂಟರಲ್ಲಿ ನವೀಕರಣದ ಸಹಿಗೆ ಕೈ ನಡುಗೀತೇ ಎಂದು ಈಗಲೇ ಚಿಂತಿಸುತ್ತಾರೆ. ಸಾವನ್ನು ಕುರಿತು ಒಂದು ಮಾತಿಲ್ಲ, ಚಿಂತೆ ಸಹಿಯದು. ಈ ವರ್ಗವನ್ನು ಕಂಡಾಗೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಪರಿಹಾರಕಾಂಡ ಚಿಕ್ಕದು, ಏಕೆಂದರೆ ಅದನ್ನು ನಾನು ಬರೆಯುತ್ತಿಲ್ಲ, ಕಂಡದ್ದನ್ನು ನಕಲು ಮಾಡುತ್ತಿದ್ದೇನೆ. ಧೈರ್ಯ ತಂದುಕೋ ಎನ್ನುವುದು ಇಲ್ಲಿ ಯಾರಿಗೂ ಉಪಯೋಗಕ್ಕೆ ಬಂದಂತಿಲ್ಲ. ವಿಳಾಸವಿಲ್ಲದ ಭಯಕ್ಕೆ ಒಂದು ವಿಳಾಸ ಮಾಡಿಕೊಡುವುದೇ ಇಲ್ಲಿಯ ಜಾಣತನ. ಸಾಕ್ಷಿವಿಧಾನ ಎಂಬುದೊಂದಿದೆ. ಶನಿವಾರ ಪಾವಗಡಕ್ಕೆ ಹೊರಟ ಅಜ್ಜಿ ಬೀಗ ಹಾಕಿ, ಜಗ್ಗಿ ನೋಡಿ, ಎದುರುಮನೆಯ ಹುಡುಗಿಯನ್ನು ಕೂಗುತ್ತಾಳೆ: “ಮಗಾ, ನೋಡ್ಕೋ, ಬೀಗ ಹಾಕಿದೀನಿ.” “ನೋಡ್ದೆ ಕಣಜ್ಜಿ, ಹೋಗ್ಬಾ.” ಅಲ್ಲಿಗೆ ಆ ಬೀಗದ ಖಾತೆ ಹುಡುಗಿಯ ಹೆಸರಿಗೆ ವರ್ಗವಾಯಿತು. ದಾರಿಯಲ್ಲಿ ಅನುಮಾನ ಎದ್ದರೆ, “ಅವ್ಳು ನೋಡವ್ಳೆ” ಎಂದು ಅಜ್ಜಿ ಕಿಟಕಿಯ ಕಡೆ ತಿರುಗುತ್ತಾಳೆ.

ಗಂಡಸರದು ವಿನಿಮಯವಿಧಾನ. ಅವರು ಸಾಕ್ಷಿಗೆ ಯಾರನ್ನೂ ಕೂಗುವುದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ. ಆದರೆ ಟೀ ಅಂಗಡಿಯ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕೂತ ಮೇಲೆ ಯಾರು ಯಾತಕ್ಕೆ ಹೆದರುತ್ತಾರೆಂದು ಎಲ್ಲರಿಗೂ ತಿಳಿದಿರುತ್ತದೆ. ತನ್ನ ಭಯಕ್ಕೆ ಪುಕ್ಕಲನಾದವನು ಪಕ್ಕದವನ ಭಯಕ್ಕೆ ಮಹಾವೀರ. ಆ ನಿವೃತ್ತ ಅಂಚೆಯವರಿಗೆ ಮೊಬೈಲಿನ ಮುಂದೆ ಕಣ್ಣು ಮಿಟುಕಿಸಲು ಹೇಳಿಕೊಟ್ಟದ್ದು ಅವರ ಗೆಳೆಯ, ದಿನಸಿ ಅಂಗಡಿ ಮಗನಿಗೆ ಒಪ್ಪಿಸಿ ಕೂತವರು. ಇವರಿಗೆ ಸೂಜಿ ಕಂಡರೆ ಆಗದು. ಕಣ್ಣು ಮಿಟುಕಿಸಲು ಕಲಿಸಿದ ಋಣಕ್ಕೆ ಅಂಚೆಯವರು ಅವರನ್ನು ಕರೆದುಕೊಂಡು ಲ್ಯಾಬಿಗೆ ಹೋದರು. ಹುಡುಗಿ ತೋಳಿಗೆ ಪಟ್ಟಿ ಬಿಗಿದಳು.

“ಸೂಜಿ ನೋಡ್ಬೇಡಯ್ಯ, ನನ್ನ ಮುಖ ನೋಡು.”

“ನಿನ್ನ ಮುಖ ನೋಡಿದ್ರೆ ಇರೋ ಶುಗರ್ರೂ ಏರ್ತದೆ, ಸುಮ್ನಿರಯ್ಯ.”