ಪಿಗ್ಮಿ ಕಟ್ಟಿ ಪ್ಲೇಸ್ಟೇಷನ್

ಉಡುಪಿಯಲ್ಲಿ ಹುಟ್ಟಿದವರಿಗೆ ದುಡ್ಡು ಖರ್ಚು ಮಾಡುವುದನ್ನು ಯಾರೂ ಕಲಿಸುವುದಿಲ್ಲ. ಕೂಡಿಡುವುದನ್ನು ಕಲಿಸಲು ಮಾತ್ರ ಇಡೀ ಊರೇ ತುದಿಗಾಲಲ್ಲಿ ನಿಂತಿರುತ್ತದೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ್ದು ಇಲ್ಲಿ, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದೂ ಇಲ್ಲಿ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯಾದರೂ ಸಾಕು ಎಂದು ಮನೆಬಾಗಿಲಿಗೆ ಏಜೆಂಟರನ್ನು ಕಳಿಸಿದರು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳ ಹೊಟ್ಟೆಗೆ ಹೋದವು. ಪಿಗ್ಮಿ ಬುದ್ಧಿ ಮಾತ್ರ ಯಾವ ಬ್ಯಾಂಕಿಗೂ ವಿಲೀನವಾಗದೆ ನಮ್ಮೊಳಗೇ ಉಳಿದಿದೆ.

ಇಂಥ ಊರಿನಲ್ಲಿ ಲೆಕ್ಕಪತ್ರ ಬರೆಯುವ ಗುಮಾಸ್ತನೊಬ್ಬನಿಗೆ ಕನ್ಸೋಲ್ ಗೇಮಿನ ಹುಚ್ಚು ಹಿಡಿದರೆ ಏನಾಗಬೇಕು? ಸೋನಿಯವರು ಪ್ಲೇಸ್ಟೇಷನ್ 5 ತಂದ ಮೇಲೆ ತಮ್ಮ ಹೊಸ ಆಟಗಳಿಗೆ ಇಟ್ಟ ಬೆಲೆ 4,999 ರೂಪಾಯಿ. ಐದು ಸಾವಿರಕ್ಕೆ ಒಂದೇ ಒಂದು ರೂಪಾಯಿ ಕಡಿಮೆ. ಆ ಒಂದು ರೂಪಾಯಿಯನ್ನು ಬಹುಶಃ ನನ್ನಂಥವರ ಗೌರವಕ್ಕೆಂದು ಬಿಟ್ಟಿದ್ದಾರೆ. ಈ ಮೊತ್ತವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಬಚ್ಚಲಿನ ಹಂಡೆ, ಮಾಡಿನ ಹಂಚು, ಅತ್ತೆಯ ಕನ್ನಡಕ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ.

ಆದ್ದರಿಂದ ನಾನು ಪಾಲಿಸಿಕೊಂಡು ಬಂದಿರುವುದು ಪರ್ಯಾಯದ ನಿಯಮ. ಯಾವ ಆಟ ಬಿಡುಗಡೆಯಾದರೂ ಅದಾದ ಮೇಲೆ ಒಂದು ಪರ್ಯಾಯ ಕಳೆಯಬೇಕು, ಅಂದರೆ ಎರಡು ವರ್ಷ. ಆಮೇಲೆ ಕೈಹಾಕುವುದು. ಕೃಷ್ಣಮಠದಲ್ಲಿ ಎಂಟು ಮಠಗಳ ಸ್ವಾಮಿಗಳೇ ತಮ್ಮ ಸರದಿಗೆ ಕಾಯುವಾಗ ನಮಗೆ ಯಾಕೆ ಅವಸರ? ಮಲ್ಪೆ ದಕ್ಕೆಯಲ್ಲಿ ಬೆಳಿಗ್ಗೆ ಅಂಜಲ್ ಮೀನಿಗೆ ಹೇಳಿದ ರೇಟು ಮಧ್ಯಾಹ್ನ ಇರುವುದಿಲ್ಲ, ಆದರೆ ರೇಟಿನ ಜೊತೆ ಮೀನಿನ ಕಣ್ಣೂ ಇಳಿದಿರುತ್ತದೆ. ಆಟದ ಡಿಸ್ಕಿಗೆ ಇಳಿಯುವುದು ರೇಟು ಮಾತ್ರ, ಕಣ್ಣು ಹಾಗೇ ಹೊಳೆಯುತ್ತಿರುತ್ತದೆ.

ಕೆಲವು ಸಲವಂತೂ ಕಾದಷ್ಟೂ ಮಾಲು ತಾಜಾ ಆಗುತ್ತದೆ. ‘ಸೈಬರ್‌ಪಂಕ್ 2077’ ಎಂಬ ಆಟ ಬಂದದ್ದು 2020ರ ಡಿಸೆಂಬರ್ 10ಕ್ಕೆ. ಮುಂಗಡ ಕಾಸು ಕಟ್ಟಿ ಜಾಗರಣೆ ಕೂತವರಿಗೆ ಸಿಕ್ಕಿದ್ದು, ಗೋಡೆಯೊಳಗೆ ನಡೆದುಹೋಗುವ ಮನುಷ್ಯರು ಮತ್ತು ನಡುವೆಯೇ ನಿಂತುಬಿಡುವ ಪ್ಲೇಸ್ಟೇಷನ್ 4. ಸೋನಿಯವರೇ ನಾಚಿಕೊಂಡು ಒಂದು ವಾರದೊಳಗೆ ತಮ್ಮ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದುಹಾಕಿದರು. ಮತ್ತೆ ಒಳಗೆ ಬಿಟ್ಟದ್ದು ಮುಂದಿನ ಜೂನ್‌ನಲ್ಲಿ. ಅಷ್ಟರಲ್ಲಿ ಪ್ಯಾಚಿನ ಮೇಲೆ ಪ್ಯಾಚು ಹಾಕಿ ರಿಪೇರಿ ನಡೆದಿತ್ತು, ಬೆಲೆಯೂ ಜಾರಿತ್ತು. ಹೆಚ್ಚು ಕೊಟ್ಟವರಿಗೆ ಹಾಳು ಆಟ, ಕಡಿಮೆ ಕೊಟ್ಟವರಿಗೆ ಒಳ್ಳೆಯ ಆಟ. ಅದೇ ಕಂಪನಿಯ ‘ವಿಚರ್ 3’ರದ್ದೂ ಇದೇ ಲಾಭ: 2015ರಲ್ಲಿ ಬರೀ ಆಟ ಬಂತು, ಮರುವರ್ಷ ಎರಡು ದೊಡ್ಡ ಅಧ್ಯಾಯಗಳನ್ನೂ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಮಾರಿದರು. ಜಗತ್ತಿನಲ್ಲಿ ಸೋಮಾರಿಗಳಿಗೆ ಇಷ್ಟು ನ್ಯಾಯ ಸಿಗುವ ವ್ಯಾಪಾರ ಇನ್ನೊಂದು ಇದ್ದರೆ ನನಗೆ ಹೇಳಿ ಮಾರಾಯ್ರೆ.

ಬಡತನದಲ್ಲೇ ಆಡುವ ಅಭ್ಯಾಸ ನಮ್ಮ ತಲೆಮಾರಿನವರಿಗೆ ಹೊಸತಲ್ಲ. ತೊಂಬತ್ತರ ದಶಕದಲ್ಲಿ ನಿಂಟೆಂಡೊ ಎಂಬ ಹೆಸರನ್ನೇ ಕೇಳದೆ ನಾವೆಲ್ಲ ನಿಂಟೆಂಡೊ ಆಡಿದವರು. ಆ ಜಪಾನಿ ಕಂಪನಿಯವರು 1983ರಲ್ಲಿ ಮಾಡಿದ ಫ್ಯಾಮಿಕಾಮ್‌ನ ನಕಲುಗಳು ಥರಾವರಿ ಹೆಸರು ಹೊತ್ತು ಬರುತ್ತಿದ್ದವು. ನಮ್ಮ ಮನೆಗೆ ಅದು ಬಂದದ್ದು ಮುಂಬೈಯ ಹೋಟೆಲಿನಲ್ಲಿದ್ದ ಚಿಕ್ಕಪ್ಪನ ಟ್ರಂಕಿನಲ್ಲಿ, ಎರಡು ಲುಂಗಿಯ ನಡುವೆ. ಕ್ಯಾಸೆಟ್ಟುಗಳನ್ನು ಮಾತ್ರ ನಾವೇ ಹುಡುಕಬೇಕಿತ್ತು. ಜನವರಿಯಲ್ಲಿ ಕಾರ್ಕಳದ ಅತ್ತೂರು ಸಾಂತ್‌ಮಾರಿಗೆ ಹೋದರೆ ಬಳೆ, ಬಲೂನು, ಖರ್ಜೂರದ ಅಂಗಡಿಗಳ ಸಾಲಿನಲ್ಲಿ ಎಲ್ಲಾದರೂ ಒಂದು ಕಡೆ ಹಳದಿ ಕ್ಯಾಸೆಟ್ಟು ಇದ್ದೇ ಇರುತ್ತಿತ್ತು. ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು. ನಾನು ಜೀವನದಲ್ಲಿ ಮಾಡಿದ ಮೊದಲ ಲೆಕ್ಕಪರಿಶೋಧನೆ ಅದರದ್ದೇ. ಪಟ್ಟಿಯಲ್ಲಿ ಕೆಳಗಿಳಿಯುತ್ತ ಹೋದರೆ ಅದೇ ಮಾರಿಯೋ ಬೇರೆ ಹೆಸರಿನಲ್ಲಿ, ಅದೇ ರೋಡ್ ಫೈಟರ್ ಇನ್ನೊಂದು ಬಣ್ಣದಲ್ಲಿ. ಅಸಲಿಗೆ ಇದ್ದದ್ದು ಬೆರಳೆಣಿಕೆಯ ಆಟ. ಆದರೆ ಯಾರೂ ಹೋಗಿ ಜಗಳ ಮಾಡಲಿಲ್ಲ, ಯಾಕೆಂದರೆ ಆ ಬೆರಳೆಣಿಕೆಯಲ್ಲಿ ‘ಕಾಂಟ್ರಾ’ ಇತ್ತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂವತ್ತು ಜೀವ. ಮಗ್ಗಿ ಬಾರದ ಹುಡುಗರಿಗೂ ಇದು ಬರುತ್ತಿತ್ತು. ‘ಬ್ಯಾಟಲ್ ಸಿಟಿ’ಯ ಟ್ಯಾಂಕಿನಾಟದಲ್ಲಿ 35 ಹಂತಗಳ ಜೊತೆಗೆ ಇಟ್ಟಿಗೆ ಜೋಡಿಸಿ ನಮ್ಮದೇ ಹಂತ ಕಟ್ಟಿಕೊಳ್ಳುವ ಸೌಕರ್ಯ ಇತ್ತು. ದುಡ್ಡು ಕೊಡದೆ ಸಿಗುವ 36ನೆಯ ಹಂತ!

ಕ್ಯಾಸೆಟ್ಟು ಓಡದಿದ್ದರೆ ಬುಡಕ್ಕೆ ಉಫ್ ಎಂದು ಊದುವುದು ರೂಢಿ. ಉಸಿರಿನ ತೇವ ತಗುಲಿ ತಾಮ್ರದ ಹಲ್ಲುಗಳಿಗೆ ಕಿಲುಬು ಬರುತ್ತದೆ, ಊದುವ ಬದಲು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ತಿಕ್ಕಬೇಕು. ಹಳೆಯ ಕ್ಯಾಸೆಟ್ಟು ಅಟ್ಟದ ಮೇಲೆ ಇನ್ನೂ ಇರುವವರಿಗೆ ಈ ಮಾತು. ಟಿವಿ ಪರದೆಯ ಬಾತುಕೋಳಿ ಹೊಡೆಯುವ ಆಟದ ಪಿಸ್ತೂಲು ಸಿಕ್ಕಿದರೆ ಮಾತ್ರ ಹಳೇ ಡಬ್ಬಾ ಟಿವಿಯನ್ನೂ ಗುಜರಿಯವನಿಂದ ಬಿಡಿಸಿಕೊಳ್ಳಬೇಕಾಗುತ್ತದೆ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮಿಂಚಿ ಹೋಗುತ್ತದೆ. ಪಿಸ್ತೂಲಿನ ಮೂತಿಯೊಳಗಿನ ಕಣ್ಣು ಆ ಬೆಳಕನ್ನು ನೋಡಿ ಗುರಿ ತಾಗಿತೋ ಇಲ್ಲವೋ ಹೇಳುತ್ತದೆ. ಈಗಿನ ಚಪ್ಪಟೆ ಟಿವಿಗೆ ಆ ಚುರುಕು ಇಲ್ಲ.

ಆಮೇಲೆ ಪ್ಲೇಸ್ಟೇಷನ್ 2 ಬಂತು. ಲೋಕದಲ್ಲಿ 15 ಕೋಟಿಗೂ ಮಿಕ್ಕಿ ಮಾರಾಟವಾದ ಪೆಟ್ಟಿಗೆ ಅದು. ನಮ್ಮ ಕಡೆ ಚಿಪ್ ಹಾಕಿಸಿ ನಕಲು ಡಿವಿಡಿ ಆಡಿದವರೇ ಹೆಚ್ಚು, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದರೂ 2006ರ ಕೊನೆಗೆ ಬಂದ ‘ಕ್ರಿಕೆಟ್ 07’ ನೋಡಿ: ಇಎ ಕಂಪನಿ ಅದಾದ ಮೇಲೆ ಕನ್ಸೋಲಿಗೆ ಕ್ರಿಕೆಟ್ ಆಟವನ್ನೇ ತರಲಿಲ್ಲ, ನಮ್ಮವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಅಗ್ಗದ ಆಟ ಹುಡುಕುವವರಿಗೆ ನಾನು ಮೊದಲು ತೋರಿಸುವುದೂ ಇಂಥವನ್ನೇ. ಇಂದಿನ ಫುಟ್‌ಬಾಲ್ ಆಟಗಳಂತೂ ವರ್ಷಕ್ಕೊಂದು. ಹೊಸತು ಬಂದ ಮರುದಿನ ಹಳೆಯದನ್ನು ಕೇಳುವವರಿಲ್ಲ. ಆಟಗಾರರ ಅಂಗಿ ಬದಲಾಗಿದೆ ಎಂಬ ಒಂದು ಕಾರಣಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡಲು ನನಗೆ ಯಾವ ಆಟಗಾರನೂ ನೆಂಟನಲ್ಲ.

ಇಷ್ಟೆಲ್ಲ ಹೇಳಿದರೂ ಈ ಜಿಲ್ಲೆಯ ನಿಜವಾದ ಸುಗ್ಗಿ ಇರುವುದು ಮಣಿಪಾಲದಲ್ಲಿ, ಮೇ ತಿಂಗಳಲ್ಲಿ. ಎಂಐಟಿ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ಹೊತ್ತು. ದೆಹಲಿ, ಲಕ್ನೋ, ಕೋಲ್ಕತಾದವರು. ನಾಲ್ಕು ವರ್ಷದಲ್ಲಿ ಜಮೆಯಾದ ಹಾಸಿಗೆ, ಸೈಕಲ್ಲು, ಟೇಬಲ್ ಫ್ಯಾನು, ಗಿಟಾರು, ಪ್ಲೇಸ್ಟೇಷನ್ ಯಾವುದನ್ನೂ ವಿಮಾನದಲ್ಲಿ ಒಯ್ಯಲಾಗುವುದಿಲ್ಲ. ಟಿಕೆಟಿನ ದಿನ ಹತ್ತಿರವಾದಂತೆ ರೇಟು ಕರಗುತ್ತದೆ. ಪಟ್ಟು ಹಿಡಿದು ಕೊನೆಯ ಎರಡು ದಿನದವರೆಗೆ ಕಾಯುವ ಗಟ್ಟಿ ಎದೆ ಬೇಕು ಅಷ್ಟೆ.

ಒಂದು ಮೇ ತಿಂಗಳಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಟೈಗರ್ ಸರ್ಕಲ್ಲಿನಿಂದ ಒಳಗೆ, ಎರಡನೇ ಮಾಳಿಗೆಯ ರೂಮು. ಹುಡುಗ ಅರ್ಧ ತುಂಬಿದ ಸೂಟ್‌ಕೇಸಿನ ಮೇಲೆ ಕೂತಿದ್ದ. ನಾನು ಗಂಭೀರವಾಗಿ ಪ್ಲೇಸ್ಟೇಷನ್ 4ರ ತಪಾಸಣೆಗೆ ಇಳಿದೆ. ಒಂದು ಆಟ ಹಾಕಿಸಿ ನಾಯಕನನ್ನು ಬಯಲಲ್ಲಿ ನಿಲ್ಲಿಸಿ ಕಂಟ್ರೋಲರನ್ನು ನೆಲದ ಮೇಲಿಟ್ಟೆ. ನಾಯಕ ತನ್ನಷ್ಟಕ್ಕೇ ಎಡಕ್ಕೆ ನಡೆಯತೊಡಗಿದರೆ ಕಡ್ಡಿ ಸವೆದಿದೆ ಎಂದರ್ಥ. ನಿಂತ. ಫ್ಯಾನಿನ ಸದ್ದು ಕೇಳಿದೆ. ಗಾಳಿಯ ಸೀಳುಗಳೊಳಗೆ ಟಾರ್ಚ್ ಬಿಟ್ಟೆ. ಈ ಪೆಟ್ಟಿಗೆಯೊಳಗೆ ಬೆಚ್ಚಗಿರುತ್ತದೆ, ಜಿರಲೆಗಳಿಗೆ ಬಲು ಇಷ್ಟ. ರಿಪೇರಿಯವರನ್ನು ಕೇಳಿದರೆ ಕಥೆ ಕಥೆ ಹೇಳುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಬೆಚ್ಚಗಿನ ಮನೆ ಬೇಡ ಎನ್ನಲು ಜಿರಲೆಗೇನು ಹುಚ್ಚೇ? ಆಮೇಲೆ ಡಿಸ್ಕುಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿದೆ. ಹಳೇ ಡಿವಿಡಿಯಲ್ಲಿ ಮಾಹಿತಿಯ ಪದರ ಪ್ಲಾಸ್ಟಿಕ್ಕಿನ ನಡುಮಧ್ಯೆ, ಸುಮಾರು 0.6 ಮಿಲಿಮೀಟರ್ ಆಳದಲ್ಲಿ ಇರುತ್ತದೆ. ಮೇಲೆ ಗೀರಿದರೂ ಉಜ್ಜಿ ನುಣುಪು ಮಾಡಬಹುದು. ಈ ಪೆಟ್ಟಿಗೆಯ ಡಿಸ್ಕು ಬ್ಲೂ-ರೇ, ಇದರಲ್ಲಿ ಆ ಪದರ ಬರೀ 0.1 ಮಿಲಿಮೀಟರ್ ಕೆಳಗೆ. ಮೇಲೆ ಗಟ್ಟಿ ಲೇಪ ಇರುವುದರಿಂದ ಸುಲಭಕ್ಕೆ ಗೀರುವುದಿಲ್ಲ. ಆಳವಾಗಿ ಗೀರಿತೋ, ಯಾವ ಟೂತ್‌ಪೇಸ್ಟೂ ಉಳಿಸುವುದಿಲ್ಲ.

ನಾನು ಇಷ್ಟು ವಿಜ್ಞಾನ ನಡೆಸುವಾಗ ನನ್ನ ಹೆಂಡತಿ ರೂಮನ್ನು ಒಂದು ಸುತ್ತು ಹಾಕಿ ಬಂದಿದ್ದಳು. ಹುಡುಗ ಹೇಳಿದ ರೇಟಿಗೆ ನಾನು ತಲೆಯಾಡಿಸುವಷ್ಟರಲ್ಲಿ ಅವಳು ಹಿಂದಿಯಲ್ಲಿ ಶುರುಮಾಡಿದಳು. ದೂರದರ್ಶನದ ರಾಮಾಯಣದಿಂದ ಕಲಿತ ಹಿಂದಿ ಅದು, ಚೌಕಾಸಿಗೆ ಒಂದು ಥರದ ಪಾವಿತ್ರ್ಯ ಬಂತು. “ಆ ಇಸ್ತ್ರಿಪೆಟ್ಟಿಗೆ ಇದರ ಜೊತೆಗೇ ಅಲ್ವಾ?” ಹುಡುಗ ಅಲ್ಲ ಎಂದ. “ಬಟ್ಟೆ ಒಣಗಿಸುವ ಸ್ಟ್ಯಾಂಡು?” ಅದು ರೂಮಿನ ಇನ್ನೊಬ್ಬನದ್ದು ಎಂದ. “ಅವನು ವಿಮಾನದಲ್ಲಿ ತಕ್ಕೊಂಡು ಹೋಗ್ತಾನಾ?” ಇದಕ್ಕೆ ಉತ್ತರ ಇರಲಿಲ್ಲ. ಪ್ಲೇಸ್ಟೇಷನ್, ನಾಲ್ಕು ಡಿಸ್ಕು, ಇಸ್ತ್ರಿಪೆಟ್ಟಿಗೆ, ಸ್ಟ್ಯಾಂಡು, ಜೊತೆಗೆ ಒಂದು ಬಾಲ್ದಿ ಸಮೇತ ರಿಕ್ಷಾ ಹತ್ತಿದೆವು. “ಆಂಟಿ, ಗಿಟಾರ್?” ಎಂದು ಹುಡುಗ ಮೆಟ್ಟಿಲವರೆಗೂ ಬಂದ. ಆ ದಿನದಿಂದ ಮನೆಯಲ್ಲಿ ಈ ಹವ್ಯಾಸಕ್ಕೆ ವಿರೋಧ ಇಲ್ಲ. ಏಪ್ರಿಲ್ ಬಂತೆಂದರೆ ಅವಳೇ “ಈ ಸಲ ಮಿಕ್ಸಿ ಇರುವ ಹುಡುಗರನ್ನು ನೋಡಿ” ಎನ್ನುತ್ತಾಳೆ.

ಈ ಸುಗ್ಗಿಗೆ ಕಂಟಕ ಬಂದಿರುವುದು ಡಿಸ್ಕೇ ಇಲ್ಲದ ಪೆಟ್ಟಿಗೆಯಿಂದ. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಪೆಟ್ಟಿಗೆಗೆ 49,990, ಡಿಸ್ಕಿನ ಬಾಯಿ ಇಲ್ಲದ್ದಕ್ಕೆ 39,990 ರೂಪಾಯಿ ಎಂದರು. ಹತ್ತು ಸಾವಿರ ಉಳಿಯಿತು ಎಂದು ಹಿಗ್ಗುವವರು ಸ್ವಲ್ಪ ತಡೆಯಬೇಕು. ಡಿಸ್ಕನ್ನು ಆಡಿ ಮುಗಿಸಿ ಮಾರಬಹುದು, ಕಾಪುವಿನಲ್ಲಿರುವ ಅಳಿಯನಿಗೆ, ಅಂದರೆ ಅಕ್ಕನ ಮಗನಿಗೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಬಹುದು, ಅವನು ಆಡಿ ಅವನ ಗೆಳೆಯನ ಆಟಕ್ಕೆ ಬದಲಿ ಮಾಡಿಕೊಳ್ಳಬಹುದು. ಡೌನ್‌ಲೋಡ್ ಮಾಡಿದ ಆಟ ಕೊಂಡವನ ಖಾತೆಗೇ ಅಂಟಿಕೊಂಡು ಕೂರುತ್ತದೆ, ಯಾವ ಕಂಡಕ್ಟರೂ ಅದನ್ನು ಒಯ್ಯಲಾರ. ಆನ್‌ಲೈನ್ ಅಂಗಡಿಯಲ್ಲಿ ಹಬ್ಬದ ರಿಯಾಯಿತಿಗಳು ಇರುತ್ತವೆ, ಒಪ್ಪುತ್ತೇನೆ. ಸಣ್ಣ ಆಟಗಳನ್ನು ನಾನೂ ಅಲ್ಲೇ ಕೊಳ್ಳುತ್ತೇನೆ. ಆದರೆ ದೊಡ್ಡದಕ್ಕೆ ಕೈಯಲ್ಲಿ ಹಿಡಿಯುವ ಡಿಸ್ಕೇ ಆಗಬೇಕು.

ಸಣ್ಣ ಆಟ ಎಂದರೆ ಕಳಪೆ ಎಂದು ತಿಳಿಯಬಾರದು. 2016ರಲ್ಲಿ ಬಂದ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿದ್ದು. ಚಿತ್ರ, ಸಂಗೀತ, ಕಥೆ ಎಲ್ಲ ಅವನದ್ದೇ. ಪಾಳುಬಿದ್ದ ಅಜ್ಜನ ಜಮೀನನ್ನು ಹಸನು ಮಾಡುವ ಆಟ. ಕಲ್ಲು ಒಡೆಯಬೇಕು, ಬೀಜ ಹಾಕಬೇಕು, ದಿನಾ ನೀರು ಹೊಯ್ಯಬೇಕು. ಕಾರ್ಕಳದ ತೋಟದ ಮನೆಯಲ್ಲಿ ನಾನು ಇದನ್ನು ಆಡುತ್ತಿದ್ದಾಗ ಅಪ್ಪ ಹಿಂದೆ ನಿಂತು ಬಹಳ ಹೊತ್ತು ನೋಡಿದರು. “ಇದಕ್ಕೆ ದುಡ್ಡು ಕೊಟ್ಟಿದ್ದೀಯಾ?” ಎಂದರು. ಹೌದು ಎಂದೆ. “ಹೊರಗೆ ಅಡಿಕೆ ಮರದ ಬುಡದಲ್ಲಿ ಇದೇ ಆಟ ಪುಕ್ಕಟೆ ಉಂಟು” ಎಂದು ಪಂಪಿನ ಸ್ವಿಚ್ ಹಾಕಲು ಹೋದರು.

ಅಗ್ಗಕ್ಕೆ ಸಿಕ್ಕಿದ ಅತ್ಯುತ್ತಮ ಆಟ ಯಾವುದು ಎಂದು ಕೇಳಿದರೆ ನಾನು ‘ಶ್ಯಾಡೋ ಆಫ್ ದ ಕೊಲಾಸಸ್’ ಎನ್ನುತ್ತೇನೆ. 2005ರದ್ದು, 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಹೊಸದಾಗಿ ಕಡೆದು ಕೊಟ್ಟರು. ಖಾಲಿ ಬಯಲು, ಒಂದು ಕುದುರೆ, ಬೆಟ್ಟದಂಥ ಹದಿನಾರು ದೈತ್ಯರು. ಕೂದಲು, ಕಲ್ಲಿನ ಅಂಚು ಸಿಕ್ಕಿದ್ದನ್ನು ಹಿಡಿದು ಅವರ ಮೈಯನ್ನೇ ಹತ್ತಬೇಕು, ಕೈಸೋತರೆ ಬೀಳಬೇಕು. ಅಳಿಯ ಇದನ್ನು ಮುಗಿಸಿದ ವಾರವೇ ಅವನನ್ನು ಕಾರ್ಕಳದ ಗೊಮ್ಮಟಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. 1432ರಲ್ಲಿ ನಿಂತ, 42 ಅಡಿಯ ಬಾಹುಬಲಿ. ಎಲ್ಲರೂ ಕೈಮುಗಿದರು. ಇವನು ಮಾತ್ರ ಕತ್ತೆತ್ತಿ ಪಾದದಿಂದ ಭುಜದವರೆಗೆ ಕಣ್ಣಲ್ಲೇ ಅಳೆದು, “ಮಾವ, ಆ ಬಳ್ಳಿ ಹಿಡಿದರೆ ತೊಡೆಯವರೆಗೆ ಹೋಗಬಹುದು. ಆಮೇಲೆ ಕಷ್ಟ” ಎಂದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಮ್ಮಿಬ್ಬರನ್ನೂ ನೋಡಿದ ನೋಟದಲ್ಲಿ ಅಹಿಂಸೆ ಸ್ವಲ್ಪ ಕಡಿಮೆ ಇತ್ತು.

ಈಗ ಅಳಿಯನ ಬಾಯಲ್ಲಿ ‘ಜಿಟಿಎ’ ಆಟದ ಆರನೆಯ ಭಾಗದ ಜಪ. ಐದನೆಯದು 2013ರಲ್ಲಿ ಬಂದು, ಪ್ಲೇಸ್ಟೇಷನ್ನಿನ ಮೂರು ತಲೆಮಾರುಗಳಲ್ಲಿ ಮತ್ತೆ ಮತ್ತೆ ಮಾರಾಟವಾದದ್ದು. ಮೊನ್ನೆ ಅಕ್ಕನ ಮನೆಗೆ ಹೋದಾಗ, ಆರನೆಯದಕ್ಕೂ ಪರ್ಯಾಯದ ನಿಯಮವೇ ಎಂದು ಅವನಿಗೆ ಖಡಾಖಂಡಿತ ಹೇಳಿದೆ. ಪಿಯುಸಿ ಹುಡುಗ, ಓದಿಕೊಂಡೇ ಬಂದಿದ್ದ. “ಮಾವ, ಮಧ್ವಾಚಾರ್ಯರ ಕಾಲದಲ್ಲಿ ಪರ್ಯಾಯ ಎರಡೇ ತಿಂಗಳು ಇದ್ದದ್ದಂತೆ. ನಾವು ಆ ಲೆಕ್ಕ ಹಿಡಿಯುವ.”

“ಅದನ್ನು ಎರಡು ವರ್ಷ ಮಾಡಿದವರು ವಾದಿರಾಜರು. ಸುಮ್ಮನೆ ಮಾಡಿದ್ದಲ್ಲ” ಎಂದೆ.

ಅಡುಗೆಮನೆಯಿಂದ ಅಕ್ಕನ ದನಿ ಬಂತು. “ಎಂತಕ್ಕೆ ಚರ್ಚೆ? ಎಂಟೂ ಮಠದ ಸರದಿ ಒಂದು ಸುತ್ತು ಮುಗಿಯಲಿ. ಹದಿನಾರು ವರ್ಷಕ್ಕೆ ಇವನಿಗೇ ಸಂಬಳ ಬಂದಿರ್ತದೆ.”