ಬೇಡಿಕಾ ಮೀಮಾಂಸೆ: ಒಂದು ಅಂತರಶಿಸ್ತೀಯ ಅನುಸಂಧಾನ

ಭಂಕೂರದ ನೆಲೆಗಟ್ಟಿನಲ್ಲಿ ನಿಂತು ‘ಬೇಡುವಿಕೆ’ ಎಂಬ ಸಂಕಥನವನ್ನು ಬಹುಆಯಾಮದ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶವಾಗಿರುತ್ತದೆ. ಶಹಾಬಾದ್ ಸೀಮೆಯ ಈ ಊರಿನಲ್ಲಿ ಫರ್ಶಿ ಕಲ್ಲು ನೆಲ ಅಗೆದರೆ ಸಿಗುತ್ತದೆ, ಉಳಿದದ್ದೆಲ್ಲ ಅರ್ಜಿ ಕೊಟ್ಟರೆ ಸಿಗುತ್ತದೆ ಎಂಬುದು ಪೂರ್ವಪಕ್ಷ.

ಬೇಡುವಿಕೆ ಐದು ವಿಧ. ಮೊದಲನೆಯದು ಲಿಖಿತ-ಊರ್ಧ್ವಮುಖಿ, ಅಂದರೆ ಅರ್ಜಿ. ಇದರ ಪರಂಪರೆ ದೊಡ್ಡದು. 1480ರ ದಶಕದಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ದೊರೆಗೆ ಕೆಲಸ ಕೇಳಿ ಕಾಗದ ಬರೆಸಿದಾಗ ಸೇತುವೆ, ಫಿರಂಗಿಗಳನ್ನೆಲ್ಲ ಹೇಳಿಕೊಂಡು, ಚಿತ್ರ ಬರೆಯಬಲ್ಲೆ ಎಂಬುದನ್ನು ಕೊನೆಗೆ ಸೇರಿಸಿದ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬಾತ ಹಲಸಿನ ಹಣ್ಣು ಜಾಸ್ತಿ ತಿಂದು, ಹೊಟ್ಟೆ ಕೆಟ್ಟು, ಅಹ್ಮದ್‌ಪುರ ನಿಲ್ದಾಣದಲ್ಲಿ ರೈಲಿನಿಂದ ಇಳಿದು ಕೂತಿದ್ದಾಗಲೇ ಗಾರ್ಡ್ ಸೀಟಿ ಊದಿದ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತರ ಹಿಡಿದು ಓಡಿ, ಎಲ್ಲರೆದುರು ಬಿದ್ದ. ಗಾರ್ಡಿಗೆ ದೊಡ್ಡ ದಂಡ ಹಾಕಿ ಎಂದು ಸಾಹಿಬ್‌ಗಂಜ್ ಕಚೇರಿಗೆ ತನಗೆ ಬಂದ ಇಂಗ್ಲಿಷಿನಲ್ಲೇ ಬರೆದ. ಆ ಪತ್ರ ದಿಲ್ಲಿಯ ರೈಲು ಸಂಗ್ರಹಾಲಯ ಸೇರಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಕೋರಿಕೊಳ್ಳುವುದೇನೆಂದರೆ’ ಎಂದು ಶುರುವಾಗುವ ಕಾಗದ ಸೇರುವುದು ಟಪಾಲು ವಿಭಾಗದ ಕಪಾಟನ್ನು.

ಎರಡನೆಯದು ಮೌಖಿಕ-ಅಧೋಮುಖಿ: ಕುರ್ಚಿಯಲ್ಲಿ ಕೂತವರು ಬೇಡುವುದು, ಅಂದರೆ ಲಂಚ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಪ್ರಕಾರ ಈಗ ಕನಿಷ್ಠ 3 ವರ್ಷ ಸೆರೆ. ಆದರೆ ಬೇಡಿದ್ದು ಸಾಬೀತಾಗಬೇಕು. ‘ಸಾಹೇಬ್ರು ಇಲ್ರಿ, ನಾಳಿ ಬರ್ರಿ’ ಎಂಬಲ್ಲಿ ಬೇಡಿಕೆ ಎಲ್ಲಿದೆ?

ಮೂರನೆಯದು ವಾತಾಯನ-ಸಂಬಂಧಿ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 8ನೇ ಕಲಂ, ಕಿಟಕಿಯಲ್ಲೋ ಬಾಲ್ಕನಿಯಲ್ಲೋ ಕೂತು ಗಿರಾಕಿ ಕರೆಯುವುದನ್ನೂ ಬಿಡಿಸಿ ಹೇಳಿದೆ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದೇ ತಪ್ಪು ಗಂಡಸಿನದಾದರೆ ಸೆರೆ ಹೆಚ್ಚೆಂದರೆ 3 ತಿಂಗಳು.

ನಾಲ್ಕನೆಯದು ಹಸ್ತಪ್ರಸಾರಣ... ವರ್ಗೀಕರಣ ಇಲ್ಲಿಗೆ ಸಾಕು. ಹಸಿದು ಕೈ ಚಾಚಿದವನ ಮುಂದೆ ಈ ಶಬ್ದಾಡಂಬರ ನಾಚಿಕೆಗೇಡು.

ಕರ್ನಾಟಕದಲ್ಲಿ ಭಿಕ್ಷೆ ಬೇಡುವುದು 1975ರ ಕಾಯ್ದೆಯಡಿ ಅಪರಾಧ. ಮನೆ ಕರದ ರಸೀದಿ ತೆಗೆದು ನೋಡಿ: ಗ್ರಂಥಾಲಯ, ಆರೋಗ್ಯ ಕರಗಳ ಪಕ್ಕದಲ್ಲಿ ಶೇ 3ರ ಭಿಕ್ಷುಕರ ಕರ ಇರುತ್ತದೆ. ಹಾಗೆ ಕೂಡಿದ ದುಡ್ಡಿನಲ್ಲಿ ನಡೆಯುವ ಬೆಂಗಳೂರು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೇಡಿದ ತಪ್ಪಿಗೆ ಹಿಡಿದು ತಂದಿಟ್ಟವರನ್ನು ಬದುಕಿಸಿಕೊಳ್ಳುವುದು ಯಾರ ಕೆಲಸವಾಗಿತ್ತು? 2018ರಲ್ಲಿ ದಿಲ್ಲಿ ಹೈಕೋರ್ಟು ಭಿಕ್ಷೆಯನ್ನು ಅಪರಾಧವಾಗಿಸುವ ಕಲಂಗಳನ್ನು ದಿಲ್ಲಿಯ ಮಟ್ಟಿಗೆ ರದ್ದು ಮಾಡಿತು.

ಕೊಡಬೇಕಾದ್ದನ್ನು ಕೊಡದವರಿಗೆ ದಂಡವೇ ಇಲ್ಲವೆಂದಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಕರ್ನಾಟಕದ 2011ರ ಸಕಾಲ ಕಾಯ್ದೆಯ ಪ್ರಕಾರ ತಡವಾದರೆ ಅಧಿಕಾರಿ ಅರ್ಜಿದಾರರಿಗೆ ತೆರಬೇಕಾದದ್ದು ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಕಿಟಕಿಯಲ್ಲಿ ಕೂತ ಹೆಂಗಸಿಗೂ 500, ಕೌಂಟರಿನ ಕಿಟಕಿಯ ಹಿಂದೆ ಕೂತು ಕಡತ ಒತ್ತಿಟ್ಟುಕೊಂಡವನಿಗೂ 500. ಸೆರೆ ಮಾತ್ರ ಅವಳೊಬ್ಬಳಿಗೇ.

ಆ 20 ರೂಪಾಯಿಯೂ ತಾನಾಗಿ ಬರುವುದಿಲ್ಲ, ಕೇಳಬೇಕು. ಅದಕ್ಕಾಗಿ ಅರ್ಜಿ ಕೊಟ್ಟವರು ಸಕಾಲ ಸಂಖ್ಯೆ ಇರುವ ಸ್ವೀಕೃತಿ ಚೀಟಿಯನ್ನು ಕೈಗೆ ಪಡೆದೇ ಕಚೇರಿಯಿಂದ ಹೊರಬೀಳಬೇಕು.